ಕೆಳಗೆ ಫುಲ್, ಮೇಲೆ ನಿಲ್: ಮೂರು ಅಂತಸ್ತಿನ ಮನೆಗೆ ವೈಫೈ ಮುಟ್ಟಿಸೋದು ಹೇಗೆ?

ದೇಶನೂರು (ಸಿರುಗುಪ್ಪ ತಾ.): ಕೆಳಗೆ ಅಂಗಡಿ, ಅದರ ಮೇಲೆ ಮನೆ, ಅದರ ಮೇಲೆ ಬಾಡಿಗೆ ಮನೆ ಇಲ್ಲವೇ ಮಕ್ಕಳು ಓದೋ ರೂಮು. ನಮ್ಮ ದೇಶನೂರು, ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು ಕಡೆ ರೋಡಿಗೆ ಹತ್ತಿಕೊಂಡು ಹೊಸದಾಗಿ ಕಟ್ಟೋ ಮನೆಗಳೆಲ್ಲ ಹೆಚ್ಚು ಕಮ್ಮಿ ಇದೇ ನಮೂನೆ. ಫೈಬರ್ ಲೈನ್ ಎಳೆಯೋಕೆ ಬಂದ ಹುಡುಗರು ಕಂಬದಿಂದ ವೈರ್ ತಂದು, ಹತ್ತಿರ ಆಯ್ತು ಅಂತ ಕೆಳಗಿನ ಅಂಗಡಿಯಲ್ಲೇ ಬಾಕ್ಸ್ ಹೊಡೆದು ಹೋಗ್ತಾರೆ. ಅವತ್ತಿಗೆ ಎಲ್ಲಾ ಚೆನ್ನಾಗಿರುತ್ತೆ. ರಾತ್ರಿ ಮೇಲಿನ ರೂಮಿನಿಂದ ಕೂಗು ಶುರು: "ಅಪ್ಪಾ, ನೆಟ್ ಬರಕತ್ತಿಲ್ಲ!"

ಆಮೇಲೆ ಜನ ಮಾಡೋದು ಮೂರೇ ಕೆಲಸ. ನಾಲ್ಕೈದು ಕೊಂಬಿನ ದೊಡ್ಡ ರೂಟರ್ ತರ್ತಾರೆ. ಅದೂ ಆಗಲಿಲ್ಲ ಅಂದ್ರೆ ಪ್ಲಗ್ಗಿಗೆ ಸಿಕ್ಕಿಸೋ ರಿಪೀಟರ್ ತರ್ತಾರೆ. ಅದೂ ಕೈ ಕೊಟ್ಟರೆ ಮೇಲಿನ ಮನೆಗೆ ಎರಡನೇ ಕನೆಕ್ಷನ್. ತಿಂಗಳಿಗೆ 500 ರೂಪಾಯಿ ಪ್ಲಾನ್ ಅಂತ ಹಿಡಿದರೂ ಶೇ. 18 ಜಿಎಸ್‌ಟಿ ಸೇರಿ ವರ್ಷಕ್ಕೆ 7,080 ರೂಪಾಯಿ, ಅದೂ ಪ್ರತಿ ವರ್ಷ. ಒಂದು ಸಲ ಇಪ್ಪತ್ತು ಇಪ್ಪತ್ತೈದು ಮೀಟರ್ ಕೇಬಲ್ ಎಳೆದು, ಅಟ್ಟದ ಮೇಲೆ ಧೂಳು ತಿನ್ನುತ್ತಿರೋ ಹಳೇ ರೂಟರ್ ಕೆಳಗಿಳಿಸಿದ್ರೆ ಬಹಳ ಮನೆಗಳಲ್ಲಿ ಈ ಖರ್ಚು ಉಳಿಯುತ್ತೆ. ಈ ಬರಹದಲ್ಲಿ ಹೇಳೋದು ಮುಖ್ಯವಾಗಿ ಅದನ್ನೇ: ಸಿಗ್ನಲ್ಲನ್ನ ಸ್ಲ್ಯಾಬ್ ಒಳಗಿಂದ ಗಾಳಿಯಲ್ಲಿ ಹತ್ತಿಸೋಕೆ ಹೋಗಬೇಡಿ, ತಂತಿಯಲ್ಲಿ ಹತ್ತಿಸಿ.

ಇದನ್ನ ಓದಿ ಕಲಿತದ್ದಲ್ಲ. ನಾನು ಕೂರೋದು ಮೇಲಿನ ರೂಮಲ್ಲಿ, ಸುದ್ದಿಯ ವಿಡಿಯೋ ಕಳಿಸೋದು ಅಲ್ಲಿಂದಲೇ. ಮೊಬೈಲಲ್ಲಿ ವೈಫೈ ಕಡ್ಡಿ ನಾಲ್ಕಕ್ಕೆ ನಾಲ್ಕು, ಅಪ್‌ಲೋಡ್ ಮಾತ್ರ ತೆವಳೋದು. ಒಂದು ಸಲ ವಿಡಿಯೋ ಹೋಗೋವಷ್ಟರಲ್ಲಿ ಸುದ್ದಿಯೇ ಹಳೇದಾಗಿತ್ತು. ರಿಪೀಟರ್ ತಂದು ದುಡ್ಡು ಕಳಕೊಂಡ ಮೇಲೆ ಬುದ್ಧಿ ಬಂತು.

ಸಿಗ್ನಲ್ ಯಾಕೆ ಮೇಲೆ ಹತ್ತಲ್ಲ?

ವೈಫೈ ಅಂದ್ರೆ ರೇಡಿಯೋ ಅಲೆ. ನಮ್ಮ ಮನೆ ರೂಟರ್‌ಗಳು ಎರಡು ಬ್ಯಾಂಡಿನಲ್ಲಿ ಕೆಲಸ ಮಾಡ್ತವೆ, 2.4 ಗಿಗಾಹರ್ಟ್ಜ್ ಮತ್ತು 5 ಗಿಗಾಹರ್ಟ್ಜ್. 2.4ರ ಅಲೆ ಉದ್ದ, ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಗೋಡೆ ದಾಟೋ ಶಕ್ತಿ ಇದಕ್ಕೆ ಸ್ವಲ್ಪ ಜಾಸ್ತಿ, ವೇಗ ಕಮ್ಮಿ. 5ರ ಅಲೆ ಅದರ ಅರ್ಧದಷ್ಟು. ವೇಗ ಜೋರು, ಆದರೆ ಗೋಡೆ ಸಿಕ್ಕರೆ ಬೇಗ ಸೋಲುತ್ತೆ.

ಸ್ಲ್ಯಾಬ್ ಅನ್ನೋದು ಬರೀ ಗೋಡೆ ಅಲ್ಲ. ನಾಲ್ಕೈದು ಇಂಚು ಕಾಂಕ್ರೀಟ್, ಅದರೊಳಗೆ ಅಡ್ಡ ಉದ್ದ ಕಟ್ಟಿದ ಕಬ್ಬಿಣದ ಸಳಿ, ಮೇಲೆ ಗ್ರಾನೈಟ್ ಇಲ್ಲವೇ ಟೈಲ್ಸ್. ಬರೀ ನಾಲ್ಕು ಇಂಚು ಕಾಂಕ್ರೀಟೇ 2.4ರ ಸಿಗ್ನಲ್ಲಿನಲ್ಲಿ 10 ಡಿಬಿಗೂ ಹೆಚ್ಚು ತಿಂದುಬಿಡುತ್ತೆ. ಡಿಬಿ ಲೆಕ್ಕದಲ್ಲಿ 10 ಹೋಯ್ತು ಅಂದ್ರೆ ಹತ್ತನೇ ಒಂದು ಭಾಗ ಉಳಿಯಿತು ಅಂತ. ಎರಡು ಸ್ಲ್ಯಾಬ್ ದಾಟಿದ್ರೆ ನೂರನೇ ಒಂದು ಭಾಗ. ಅದರ ಮೇಲೆ ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕು ಅಡ್ಡ ಬಂದ್ರೆ ಕಥೆ ಮುಗೀತು. ಲೋಹ ಅಲೆಯನ್ನ ವಾಪಸ್ ತಳ್ಳುತ್ತೆ, ನೀರು ಹೀರುತ್ತೆ. ಹಳೇ ಮಾಳಿಗೆ ಮನೆಗಳದ್ದು ಬೇರೆ ತರ: ಸಳಿ ಇಲ್ಲ, ಆದರೆ ಕಲ್ಲು ಮಣ್ಣಿನ ಗೋಡೆ ಒಂದೂವರೆ ಎರಡು ಅಡಿ ದಪ್ಪ. ಅಲ್ಲಿ ಪಕ್ಕದ ರೂಮಿಗೇ ಸಿಗ್ನಲ್ ದಾಟಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನೆಟ್ಟಗೆ ನಿಂತ ಆಂಟೆನಾ ಸಿಗ್ನಲ್ಲನ್ನ ಚೆಂಡಿನ ತರ ಎಲ್ಲಾ ಕಡೆ ಸಮನಾಗಿ ಬಿಡಲ್ಲ. ಉದ್ದಿನ ವಡೆ ನೆನಪು ಮಾಡಿಕೊಳ್ಳಿ. ವಡೆಯ ತೂತಿನಲ್ಲಿ ಕಡ್ಡಿ ನಿಲ್ಲಿಸಿದಂಗೆ ಆಂಟೆನಾ, ವಡೆಯಂಗೆ ಸಿಗ್ನಲ್. ಸುತ್ತ ಅಗಲಕ್ಕೆ ಹೋಗುತ್ತೆ, ತಲೆ ಮೇಲೆ ಮತ್ತು ಕಾಲ ಕೆಳಗೆ ಹೋಗೋದು ಬಹಳ ಕಮ್ಮಿ. ಅಂಗಡಿ ಗಲ್ಲಾದ ಸರಿಯಾಗಿ ಮೇಲಿರೋ ಬೆಡ್‌ರೂಮಿಗೆ ಸಿಗ್ನಲ್ ಇಲ್ಲ, ಎದುರಿನ ಚಹಾ ಅಂಗಡಿಯವರಿಗೆ ಫುಲ್ ಸಿಗ್ನಲ್ ಅನ್ನೋದು ಅದಕ್ಕೇ.

ಕೊಂಬು ಜಾಸ್ತಿ ಇದ್ದಷ್ಟೂ ದೂರ ಹೋಗುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. ಲೈಸೆನ್ಸ್ ಇಲ್ಲದೆ ಬಳಸಬಹುದು ಅಂತ ಕೇಂದ್ರ ಸರ್ಕಾರ 2.4 ಬ್ಯಾಂಡನ್ನ 2005ರಲ್ಲಿ, 5 ಬ್ಯಾಂಡಿನ ಹೆಚ್ಚಿನ ಭಾಗವನ್ನ 2018ರಲ್ಲಿ ಮುಕ್ತ ಮಾಡಿತು. ಆದರೆ ಎಷ್ಟು ಶಕ್ತಿಯಲ್ಲಿ ಬಿಡಬಹುದು ಅನ್ನೋದಕ್ಕೆ ಮಿತಿ ಇದೆ. ಸಾವಿರದ ರೂಟರ್ ಆಗಲಿ, ಹತ್ತು ಸಾವಿರದ್ದಾಗಲಿ, ಆ ಮಿತಿ ಒಳಗೇ ಇರಬೇಕು. ಅದು ಬಿಡಿ, ವೈಫೈ ಎರಡೂ ಕಡೆಯ ಮಾತುಕತೆ. ಜಾತ್ರೆಯ ಮೈಕಿನ ದನಿ ಊರಾಚೆ ಇರೋ ನಿಮಗೆ ಕೇಳಬಹುದು. ನೀವು ಅಲ್ಲಿಂದ ಕೂಗಿದ್ದು ಮೈಕಿನವನಿಗೆ ಕೇಳುತ್ತಾ? ನಿಮ್ಮ ಮೊಬೈಲಿನ ಪುಟ್ಟ ಆಂಟೆನಾ ಕೂಗಿದ್ದು ಕೆಳಗಿನ ರೂಟರ್‌ಗೆ ಕೇಳಬೇಕಲ್ಲ. ಕಡ್ಡಿ ಫುಲ್ ಇದ್ದೂ ನೆಟ್ ಓಡದಿರೋಕೆ ಇದೂ ಒಂದು ಕಾರಣ.

ಮೊದಲು ದುಡ್ಡಿಲ್ಲದ ಕೆಲಸ ಮುಗಿಸಿ

ಏನೂ ಕೊಳ್ಳೋ ಮುಂಚೆ ರೋಗ ಎಲ್ಲಿದೆ ನೋಡ್ಕೊಳ್ಳಿ. ಮೊಬೈಲ್ ಡೇಟಾ ಆಫ್ ಮಾಡಿ, ರೂಟರ್ ಪಕ್ಕ ನಿಂತು, 5 ಗಿಗಾಹರ್ಟ್ಜ್ ವೈಫೈಗೆ ಸೇರಿ ಸ್ಪೀಡ್ ಟೆಸ್ಟ್ ಮಾಡಿ. ಪಕ್ಕದಲ್ಲೇ ಸ್ಪೀಡ್ ಇಲ್ಲ ಅಂದ್ರೆ ತೊಂದರೆ ಲೈನಿನದ್ದು. ಕಂಪನಿಗೆ ಫೋನ್ ಮಾಡಬೇಕೇ ಹೊರತು ಮನೆಯಲ್ಲಿ ಏನು ಹಾಕಿದ್ರೂ ಪ್ರಯೋಜನ ಇಲ್ಲ. ಪಕ್ಕದಲ್ಲಿ ಪ್ಲಾನಿನಷ್ಟು ಸ್ಪೀಡ್ ಬಂದು ಮೇಲೆ ಬರದಿದ್ದರೆ ಆಗ ಅದು ವೈಫೈ ತೊಂದರೆ.

ಆಂಡ್ರಾಯ್ಡ್ ಫೋನಿಗೆ ವೈಫೈ ಅನಲೈಸರ್ ತರದ ಆ್ಯಪ್ ಪುಕ್ಕಟೆ ಸಿಗ್ತವೆ. ಅದರಲ್ಲಿ ಸಿಗ್ನಲ್ ಮೈನಸ್ ಅಂಕಿಯಲ್ಲಿ ತೋರಿಸುತ್ತೆ. ಮೈನಸ್ 50 ಅಂದ್ರೆ ಬೊಂಬಾಟ್. ಮೈನಸ್ 65, 67ರವರೆಗೂ ವಿಡಿಯೋ ಕಾಲ್ ನಡೆಯುತ್ತೆ. ಮೈನಸ್ 75 ದಾಟಿದ್ರೆ ತಡವರಿಕೆ, ಮೈನಸ್ 80 ಆಚೆ ಹೆಸರಿಗೆ ಮಾತ್ರ ಕನೆಕ್ಷನ್. ಒಂದು ಹಾಳೆ ಮೇಲೆ ರೂಮು ರೂಮಿನ ಅಂಕಿ ಬರ್ಕೊಳ್ಳಿ. ಹತ್ತು ನಿಮಿಷದ ಕೆಲಸ, ಆಮೇಲೆ ಅಂಗಡಿಯವನು ಏನು ಹೇಳಿದ್ರೂ ನಿಮ್ಮ ಹತ್ತಿರ ಲೆಕ್ಕ ಇರುತ್ತೆ.

ಮುಂದಿನದ್ದು ಜಾಗ. ಮೂರು ಅಂತಸ್ತಿಗೆ ಒಂದೇ ರೂಟರ್ ಇದ್ದರೆ ಅದು ಇರಬೇಕಾದ್ದು ನಡುವಿನ ಅಂತಸ್ತಿನಲ್ಲಿ, ಮೆಟ್ಟಿಲ ಹತ್ತಿರ. ಮೆಟ್ಟಿಲು ಇರೋ ಕಡೆ ಸ್ಲ್ಯಾಬ್ ಇರಲ್ಲ ನೋಡಿ, ಸಿಗ್ನಲ್ಲಿಗೆ ಅದೇ ಬಾಗಿಲು. ಟಿವಿ ಹಿಂದೆ, ಬೀರು ಮೇಲೆ, ಶಟರ್ ಬಾಕ್ಸಿನ ಪಕ್ಕ ಇಟ್ಟಿದ್ರೆ ತೆಗೀರಿ. ಹೊರಗೆ ಕಾಣೋ ಆಂಟೆನಾ ಇದ್ರೆ ಒಂದನ್ನ ನೆಟ್ಟಗೆ ಬಿಟ್ಟು ಇನ್ನೊಂದನ್ನ ಮಲಗಿಸಿ. ಮಲಗಿದ ಆಂಟೆನಾದ ವಡೆ ಎದ್ದು ನಿಲ್ಲುತ್ತೆ, ಮೇಲೆ ಕೆಳಗೆ ಸ್ವಲ್ಪ ಜಾಸ್ತಿ ಹೋಗುತ್ತೆ. ಎರಡೇ ಅಂತಸ್ತಿನ ಸಣ್ಣ ಮನೆಗೆ ಇಷ್ಟೇ ಸಾಕಾಗಬಹುದು.

ಬಾಕ್ಸನ್ನ ಮೇಲೆ ಸಾಗಿಸಬೇಕು ಅಂದ್ರೆ ನೀವೇ ಎಳೀಬೇಡಿ. ಒಳಗಿರೋದು ಕೂದಲಿನಂಥ ಗಾಜಿನ ಎಳೆ, ಬಿಗಿಯಾಗಿ ಮಡಚಿದ್ರೆ ಬಿರುಕು ಬಿಡುತ್ತೆ, ಬಾಕ್ಸಿನಲ್ಲಿ ಕೆಂಪು ದೀಪ ಹತ್ತುತ್ತೆ, ಆಮೇಲೆ ಲೈನಿನವರಿಗೆ ಕಾಯಬೇಕು. ಹೊಸ ಕನೆಕ್ಷನ್ ತಗೊಳ್ಳೋರು ಮಾತ್ರ ಮೊದಲ ದಿನವೇ ಹಟ ಹಿಡೀರಿ: "ತಮ್ಮಾ, ಬಾಕ್ಸ್ ನಡುವಿನ ಮನೆಗೆ ಹಾಕಪ್ಪಾ, ಅಂಗಡಿಗೆ ಬೇಡ." ಕಂಬದಿಂದ ಮೊದಲ ಅಂತಸ್ತಿಗೆ ವೈರ್ ಎಳೆಯೋದು ಅವರಿಗೆ ಕಷ್ಟದ ಕೆಲಸ ಅಲ್ಲ. ಏರ್‌ಫೈಬರ್ ತಗೊಂಡೋರಿಗೆ ತೊಂದರೆ ತಿರುಗಾಮುರುಗಾ. ಅದರ ಡಬ್ಬಿ ಮಾಳಿಗೆ ಮೇಲೆ ಕೂರುತ್ತೆ, ವೈರ್ ಮೇಲಿನ ಮನೆಗೇ ನಿಲ್ಲುತ್ತೆ, ಅಂಗಡಿಗೆ ನೆಟ್ ಇಲ್ಲ. ಅಲ್ಲೂ ವೈರನ್ನ ನಡುವಿನ ಅಂತಸ್ತಿಗೆ ಇಳಿಸೋಕೆ ಹೇಳಿ.

ರಿಪೀಟರ್: ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ

ಪ್ಲಗ್ಗಿಗೆ ಸಿಕ್ಕಿಸೋ ರಿಪೀಟರ್ ಮಾಡೋ ಕೆಲಸ ಸರಳ. ಕೆಳಗಿಂದ ಬಂದದ್ದನ್ನ ಕೇಳಿ, ಅದನ್ನೇ ಮತ್ತೆ ಕೂಗುತ್ತೆ. ಒಂದೇ ಬ್ಯಾಂಡಿನ ರಿಪೀಟರ್ ಆದರೆ ಕೇಳೋವಾಗ ಕೂಗೋಕಾಗಲ್ಲ, ಕೂಗೋವಾಗ ಕೇಳೋಕಾಗಲ್ಲ. ಅದಕ್ಕೇ ಸ್ಪೀಡ್ ಅರ್ಧಕ್ಕೆ ಅರ್ಧ ಬೀಳುತ್ತೆ.

ಇದಕ್ಕಿಂತ ದೊಡ್ಡ ತಪ್ಪು ನಾವು ಇಡೋ ಜಾಗದಲ್ಲಿ. ಎಲ್ಲಿ ಸಿಗ್ನಲ್ ಇಲ್ಲವೋ ಅಲ್ಲೇ ತಗೊಂಡು ಹೋಗಿ ಸಿಕ್ಕಿಸ್ತೀವಿ. ನಾನೂ ಅದನ್ನೇ ಮಾಡಿದ್ದೆ. ಅಲ್ಲಿ ಅದಕ್ಕೇ ಏನೂ ಕೇಳ್ತಿರಲ್ಲ, ಇನ್ನ ನಿಮಗೇನು ಹೇಳುತ್ತೆ? ನಿಮ್ಮ ಮೊಬೈಲಿಗೂ ರಿಪೀಟರ್‌ಗೂ ಮಧ್ಯೆ ಸಿಗ್ನಲ್ ಫುಲ್, ಕಡ್ಡಿ ತೋರಿಸೋದು ಅದನ್ನ. ರಿಪೀಟರ್‌ಗೂ ರೂಟರ್‌ಗೂ ಮಧ್ಯೆ ಇರೋದು ಅರೆಜೀವ, ಅದನ್ನ ಮೊಬೈಲ್ ತೋರಿಸಲ್ಲ. ಇಡೋದಾದ್ರೆ ಅರ್ಧ ದಾರಿಯಲ್ಲಿ, ಅಂದ್ರೆ ಮೆಟ್ಟಿಲ ತಿರುವಿನಲ್ಲಿ ಇಡಿ. ಅಲ್ಲಿ ಮೈನಸ್ 60, 65 ಸಿಗ್ನಲ್ ಇರಬೇಕು. ಒಂದು ಅಂತಸ್ತು, ಒಬ್ಬರೋ ಇಬ್ಬರೋ ವಾಟ್ಸ್ಆ್ಯಪ್, ಯೂಟ್ಯೂಬ್ ನೋಡೋರು ಅಂದ್ರೆ ರಿಪೀಟರ್ ನಡೆಯುತ್ತೆ. ಕೊಂಡರೆ ಎರಡು ಬ್ಯಾಂಡಿನದ್ದೇ ಕೊಳ್ಳಿ. ಎರಡು ಅಂತಸ್ತು ದಾಟಿಸೋಕೆ ರಿಪೀಟರ್‌ಗೆ ಇನ್ನೊಂದು ರಿಪೀಟರ್ ಕಟ್ಟೋದು ಬೇಡವೇ ಬೇಡ.

ಕರೆಂಟ್ ವೈರಿನಲ್ಲೇ ನೆಟ್ ಕಳಿಸೋ ಪವರ್‌ಲೈನ್ ಅಡಾಪ್ಟರ್ ಆನ್‌ಲೈನಲ್ಲಿ ಸಿಗುತ್ತೆ. ನಮ್ಮ ಕಡೆ ಅಂಗಡಿಗೆ ಒಂದು ಮೀಟರ್, ಮನೆಗೆ ಒಂದು, ಬಾಡಿಗೆ ಮನೆಗೆ ಇನ್ನೊಂದು. ಮೀಟರ್, ಫೇಸ್ ಬೇರೆ ಆದ ಮೇಲೆ ಅದನ್ನ ನಂಬಿಕೊಳ್ಳೋಕಾಗಲ್ಲ. ಬಿಟ್ಟುಬಿಡಿ.

ಗಟ್ಟಿ ದಾರಿ: ಅಂತಸ್ತಿಗೊಂದು ಕೇಬಲ್

ಕೆಳಗಿನ ಬಾಕ್ಸಿನ ಹಿಂದೆ ಹಳದಿ ಇಲ್ಲವೇ ಕಪ್ಪು ಬಣ್ಣದ ಮೂರ್ನಾಲ್ಕು ಲ್ಯಾನ್ ತೂತು ಇರ್ತವೆ ನೋಡಿ. ಒಂದರಿಂದ ನೆಟ್‌ವರ್ಕ್ ಕೇಬಲ್ ಹೊರಟು ಮೇಲಿನ ಅಂತಸ್ತಿಗೆ ಹೋಗಬೇಕು, ಅಲ್ಲಿ ಎರಡನೇ ರೂಟರ್‌ಗೆ ಸೇರಬೇಕು. ಅಷ್ಟೇ. ಸ್ಲ್ಯಾಬ್ ದಾಟೋ ಕೆಲಸ ತಾಮ್ರ ಮಾಡುತ್ತೆ, ಮೇಲೆ ಹೋದ ಮೇಲೆ ಹೊಸದಾಗಿ ವೈಫೈ ಹುಟ್ಟುತ್ತೆ. ಕಾಂಕ್ರೀಟಿನಲ್ಲಿ ಒಂದು ಚೂರೂ ಕಳೆದುಹೋಗಲ್ಲ. ಕೆಲವು ಬಾಕ್ಸಿನಲ್ಲಿ ಒಂದು ತೂತನ್ನ ಟಿವಿಗೆ ಅಂತ ಮೀಸಲಿಟ್ಟಿರ್ತಾರೆ. ಒಂದರಲ್ಲಿ ನೆಟ್ ಬರಲಿಲ್ಲ ಅಂದ್ರೆ ಇನ್ನೊಂದಕ್ಕೆ ಹಾಕಿ ನೋಡಿ.

ಕೇಬಲ್ ಕೊಳ್ಳೋವಾಗ ಕಣ್ಣು ಬಿಟ್ಟುಕೊಂಡು ಕೊಳ್ಳಿ. ಕ್ಯಾಟ್ 5ಇ ಇಲ್ಲವೇ ಕ್ಯಾಟ್ 6 ಅಂತ ಮೇಲೆ ಅಚ್ಚಾಗಿರಬೇಕು. ಎರಡೂ 100 ಮೀಟರ್‌ವರೆಗೆ ಒಂದು ಗಿಗಾಬಿಟ್ ವೇಗ ಒಯ್ಯುತ್ತವೆ, ನಮ್ಮ ಯಾವ ಮನೆಗೂ ಅಷ್ಟು ಉದ್ದ ಬೇಕಾಗಲ್ಲ. ಅಂತಸ್ತಿಗೆ ಹತ್ತು ಅಡಿ, ಗೋಡೆಗುಂಟ ಸುತ್ತಾಟ ಸೇರಿಸಿದ್ರೂ ಕೆಳಗಿಂದ ಎರಡನೇ ಅಂತಸ್ತಿಗೆ ಇಪ್ಪತ್ತು ಇಪ್ಪತ್ತೈದು ಮೀಟರ್. ಪೂರ್ತಿ ಬಾಕ್ಸ್ 305 ಮೀಟರಿಂದು ಬರುತ್ತೆ, ಬಳ್ಳಾರಿಯಲ್ಲಿ ಸಿಸಿಟಿವಿ ಸಾಮಾನು ಮಾರೋ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲೂ ಕತ್ತರಿಸಿ ಕೊಡ್ತಾರೆ.

ಮೋಸ ಆಗೋದು ಇಲ್ಲಿ. ಅಗ್ಗದ ಕೇಬಲ್ ಒಳಗೆ ಇರೋದು ಅಲ್ಯೂಮಿನಿಯಂ, ಮೇಲೆ ತೆಳ್ಳಗೆ ತಾಮ್ರದ ಲೇಪ. ಅದರ ಮೇಲೆ ಸಿಸಿಎ ಅಂತ ಬರೆದಿರ್ತಾರೆ, ಬರೆಯದೇ ಇರೋದೂ ಉಂಟು. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅಂಥದ್ದು ಎರಡು ಸಲ ಬಗ್ಗಿಸಿದ್ರೆ ಒಳಗೇ ಮುರಿಯುತ್ತೆ. ಗೋಡೆಯೊಳಗೆ ಹೋದ ಮೇಲೆ ಎಲ್ಲಿ ಮುರೀತು ಅಂತ ಹುಡುಕೋದು ಯಾರು?

ಎರಡೂ ತುದಿಗೆ ಪ್ಲಾಸ್ಟಿಕ್ ಕನೆಕ್ಟರ್ ಹಾಕಬೇಕು. ಬಣ್ಣದ ಸಾಲು ಎರಡೂ ಕಡೆ ಒಂದೇ ಇರಲಿ: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟು ಎಳೆಯೂ ಗಟ್ಟಿಯಾಗಿ ಕೂತರೆ ಗಿಗಾಬಿಟ್. ಒಂದು ಜೋಡಿ ಕೈ ಕೊಟ್ಟರೂ ಕೆಲವು ಸಲ ಲೈನ್ ನಡೆಯುತ್ತೆ, ಆದರೆ 100 ಎಂಬಿಪಿಎಸ್‌ಗೆ ಇಳಿದುಬಿಡುತ್ತೆ. 300ರ ಪ್ಲಾನ್ ಹಾಕಿಸಿ ಮೇಲೆ 94, 95ಕ್ಕೇ ನಿಂತಿದೆ ಅಂದ್ರೆ ಮೊದಲು ಕನೆಕ್ಟರ್ ನೋಡಿ. ಇಲ್ಲವೇ ನಿಮ್ಮ ಹಳೇ ರೂಟರ್‌ನ ತೂತೇ 100ರದ್ದು. ಪ್ಲಾನೇ 100ರ ಒಳಗಿದ್ರೆ ತಲೆ ಕೆಡಿಸಿಕೊಳ್ಳೋದು ಬೇಡ.

ದಾರಿ ಯಾವುದು? ಕರೆಂಟ್ ಪೈಪಿನೊಳಗೆ ಖಾಲಿ ಇದೆ ಅಂತ ಅದರಲ್ಲೇ ತೂರಿಸೋರು ಬಹಳ ಜನ. ಮಾಡಬೇಡಿ. 230 ವೋಲ್ಟ್ ವೈರಿನ ಕವಚ ಎಲ್ಲಾದ್ರೂ ಸುಲಿದ್ರೆ ಕರೆಂಟ್ ನೇರ ನಿಮ್ಮ ರೂಟರ್‌ಗೆ, ಅದನ್ನ ಮುಟ್ಟಿದವರಿಗೆ. ಬೇರೆ ಪೈಪು ಹಾಕಿ, ಕರೆಂಟ್ ವೈರಿನಿಂದ ಅರ್ಧ ಅಡಿಯಾದ್ರೂ ದೂರ ಇರಲಿ. ಹಳೇ ಟಿವಿ ಕೇಬಲ್ ಪೈಪು ಖಾಲಿ ಬಿದ್ದಿದ್ರೆ ಅದು ಬಂಗಾರದಂಥ ದಾರಿ, ಹಳೇ ಕೇಬಲ್ ತುದಿಗೇ ಹೊಸದನ್ನ ಕಟ್ಟಿ ಎಳೆದ್ರೆ ಬಂದುಬಿಡುತ್ತೆ. ಹೊರಗೋಡೆಗುಂಟ ಒಯ್ಯೋದಾದ್ರೆ ಪಿವಿಸಿ ಪೈಪಿನೊಳಗೆ ಒಯ್ಯಿರಿ. ನಮ್ಮ ಬಿಸಿಲಿಗೆ ಸಾದಾ ಕೇಬಲ್ ಸಿಪ್ಪೆ ಒಣಗಿ ಸೀಳುತ್ತೆ. ಭತ್ತದ ಚೀಲ ಇಡೋ ಕಡೆ ಇಲಿ ಕಾಟ ಗೊತ್ತೇ ಇದೆ, ಅಲ್ಲೂ ಪೈಪು ಬೇಕು. ಈಗ ಮನೆ ಕಟ್ಟಿಸ್ತಿರೋರು ಸ್ಲ್ಯಾಬ್ ಹಾಕೋ ಮುಂಚೆ ಅಂತಸ್ತಿಗೆ ಒಂದು ಖಾಲಿ ಪೈಪು ಬಿಡೋಕೆ ಮೇಸ್ತ್ರಿಗೆ ಹೇಳಿಬಿಡಿ. ಆಮೇಲೆ ಡ್ರಿಲ್ಲು ಹೊಡೆಸೋ ತಾಪತ್ರಯ ಇರಲ್ಲ.

ಹಳೇ ರೂಟರ್‌ಗೆ ಮರುಜೀವ

ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ಕಾಲದ ಮೋಡೆಮ್ ಬಹಳ ಮನೆಗಳಲ್ಲಿ ಇನ್ನೂ ಬಿದ್ದಿದೆ. ವೈಫೈ ಇರೋದಾದ್ರೆ ಅದೂ ನಡೆಯುತ್ತೆ. ಡಬ್ಲ್ಯೂಪಿಎ2 ಪಾಸ್‌ವರ್ಡ್ ಸೌಲಭ್ಯ ಇರಲೇಬೇಕು, ಬರೀ ಡಬ್ಲ್ಯೂಇಪಿ ಇರೋ ಬಹಳ ಹಳೇದು ಬೇಡ.

ಹಳೇದನ್ನ ಹಿಂದಿರೋ ಸಣ್ಣ ತೂತಿಗೆ ಪಿನ್ ಒತ್ತಿ ರೀಸೆಟ್ ಮಾಡಿ. ಗಮನ ಇರಲಿ, ರೀಸೆಟ್ ಮಾಡೋದು ಹಳೇದನ್ನ ಮಾತ್ರ. ಕಂಪನಿ ಕೊಟ್ಟ ಫೈಬರ್ ಬಾಕ್ಸನ್ನ ಯಾವ ಕಾರಣಕ್ಕೂ ರೀಸೆಟ್ ಮಾಡಬೇಡಿ. ಅದರೊಳಗೆ ನಿಮ್ಮ ಕನೆಕ್ಷನ್ನಿನ ಸೆಟ್ಟಿಂಗ್ ಇರ್ತವೆ, ಅಳಿಸಿ ಹೋದ್ರೆ ಕಂಪನಿಯವರು ಬಂದು ಹಾಕೋ ತನಕ ನೆಟ್ ಇಲ್ಲ.

ಈಗ ಹಳೇ ರೂಟರ್‌ಗೆ ಮೊಬೈಲ್ ಇಲ್ಲವೇ ಲ್ಯಾಪ್‌ಟಾಪ್ ಸೇರಿಸಿ, ಅದರ ಬೆನ್ನಿನ ಚೀಟಿಯಲ್ಲಿರೋ ವಿಳಾಸ, ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ. ಈಚಿನವುಗಳಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಅಂತಲೇ ಇರುತ್ತೆ, ಅದನ್ನ ಆರಿಸಿದ್ರೆ ಮುಗೀತು. ಇಲ್ಲದಿದ್ರೆ ಕೈಯಿಂದ ಎರಡು ಬದಲಾವಣೆ ಮಾಡಬೇಕು. ಅದರ ಲ್ಯಾನ್ ವಿಳಾಸ ಕೆಳಗಿನ ಬಾಕ್ಸಿನದ್ದೇ ಆಗಿರಬಾರದು. ಕೆಳಗಿನದ್ದು 192.168.1.1 ಇದ್ರೆ ಇದನ್ನ 192.168.1.250 ಮಾಡಿ. ಆಮೇಲೆ ಡಿಎಚ್‌ಸಿಪಿ ಅನ್ನೋದನ್ನ ಆಫ್ ಮಾಡಿ. ಡಿಎಚ್‌ಸಿಪಿ ಅಂದ್ರೆ ಸೇರಿದ ಮೊಬೈಲಿಗೆಲ್ಲ ನಂಬರ್ ಹಂಚೋ ಗುಮಾಸ್ತ. ಒಂದು ಮನೆಗೆ ಒಬ್ಬನೇ ಗುಮಾಸ್ತ ಇರಬೇಕು, ಇಬ್ಬರು ಕೂತರೆ ನೆಟ್ ಒಂದು ಸಲ ಬರುತ್ತೆ, ಒಂದು ಸಲ ಬರಲ್ಲ. ಕೆಳಗಿಂದ ಬಂದ ಕೇಬಲ್ಲನ್ನ ವ್ಯಾನ್ ಅಂತ ಬರೆದ ತೂತಿಗೆ ಹಾಕದೆ ಲ್ಯಾನ್ ತೂತಿಗೆ ಹಾಕಿ. ವ್ಯಾನ್‌ಗೆ ಹಾಕಿದ್ರೂ ನೆಟ್ ಬರಬಹುದು, ಆದರೆ ಮೇಲಿನ ಮೊಬೈಲಿನಿಂದ ಕೆಳಗಿನ ಬಿಲ್ ಪ್ರಿಂಟರ್, ಸಿಸಿಟಿವಿ ಡಬ್ಬಿ ಹುಡುಕೋಕೆ ತೊಂದರೆ ಆಗುತ್ತೆ.

ವೈಫೈ ಹೆಸರು, ಪಾಸ್‌ವರ್ಡ್ ಕೆಳಗಿನದ್ದನ್ನೇ ಅಕ್ಷರ ತಪ್ಪದೆ ಮೇಲಕ್ಕೂ ಇಡಿ. ಆಗ ಮೆಟ್ಟಿಲು ಹತ್ತಿದಂಗೆ ಮೊಬೈಲ್ ತಾನೇ ಬದಲಾಯಿಸಿಕೊಳ್ಳುತ್ತೆ. ಕೆಲವು ಮೊಬೈಲ್ ಜಿಗಣೆ ತರ ಕೆಳಗಿನದ್ದನ್ನೇ ಹಿಡಕೊಂಡಿರ್ತವೆ. ಆಗ ರೂಟರ್‌ನಲ್ಲಿ ಟ್ರಾನ್ಸ್‌ಮಿಟ್ ಪವರ್ ಹೈನಿಂದ ಮೀಡಿಯಂಗೆ ಇಳಿಸಿ ನೋಡಿ. ಶಕ್ತಿ ಕಮ್ಮಿ ಮಾಡಿದ್ರೆ ನೆಟ್ ಸುಧಾರಿಸುತ್ತೆ ಅಂದ್ರೆ ನಗ್ತೀರಿ, ಆದರೆ ನಿಜ.

ಚಾನೆಲ್ ಮಾತ್ರ ಒಂದೇ ಇರಬಾರದು. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ಕೆಳಗೆ 1, ನಡುವೆ 6, ಮೇಲೆ 11 ಇಟ್ಟರೆ ಜಗಳ ಇಲ್ಲ. ಬಜಾರಿನಲ್ಲಿ ಅಕ್ಕಪಕ್ಕ ಹತ್ತಾರು ಅಂಗಡಿ ವೈಫೈ, ವೈಫೈ ಕ್ಯಾಮೆರಾ, ಬ್ಲೂಟೂತ್ ಸ್ಪೀಕರ್ ಎಲ್ಲಾ ಇದೇ 2.4ರಲ್ಲಿ ಒದ್ದಾಡ್ತಿರ್ತವೆ. ಅಂಥ ಕಡೆ ಚಾನೆಲ್ ಅಗಲ 20 ಮೆಗಾಹರ್ಟ್ಜ್ ಇಡಿ, ಆದಷ್ಟು ಫೋನುಗಳನ್ನ 5 ಗಿಗಾಹರ್ಟ್ಜ್‌ಗೆ ಸಾಗಿಸಿ.

ಕೇಬಲ್ ಎಳೆಯೋಕೆ ಆಗೋದೇ ಇಲ್ಲ ಅನ್ನೋರಿಗೆ ಮೆಶ್ ಸೆಟ್ ಇದೆ. ಎರಡು ಮೂರು ಡಬ್ಬಿ ಸೇರಿ ಒಂದೇ ವೈಫೈ ತರ ನಡ್ಕೊಳ್ತವೆ, ಸೆಟ್ಟಿಂಗ್ ಎಲ್ಲಾ ಆ್ಯಪಿನಲ್ಲಿ. ರಿಪೀಟರ್‌ಗಿಂತ ಎಷ್ಟೋ ವಾಸಿ, ರೇಟೂ ಹಂಗೇ. ಆದರೆ ಡಬ್ಬಿಗಳ ನಡುವೆ ಮಾತುಕತೆ ಗಾಳಿಯಲ್ಲೇ ನಡೆಯೋದರಿಂದ ಸ್ಲ್ಯಾಬಿನ ಕಾಟ ಇದಕ್ಕೂ ತಪ್ಪಿದ್ದಲ್ಲ. ಮೆಟ್ಟಿಲಗುಂಟ ಇಡಿ. ಲ್ಯಾನ್ ತೂತು ಇರೋ ಮೆಶ್ ಕೊಂಡ್ರೆ ಮುಂದೆ ಯಾವತ್ತಾದ್ರೂ ಕೇಬಲ್ ಸೇರಿಸಬಹುದು.

ಬಿಸಿಲು, ಕರೆಂಟ್, ಶಟರ್

ಪೇಟೆಯವರು ಬರೆದ ಲೇಖನಗಳಲ್ಲಿ ಸಿಗದ ತೊಂದರೆಗಳು ನಮ್ಮವು. ಮೊದಲನೇದು ಶಟರ್. ರಾತ್ರಿ ಅಂಗಡಿ ಮುಚ್ಚೋವಾಗ ಮೇನ್ ಸ್ವಿಚ್ ಇಳಿಸಿ ಶಟರ್ ಎಳೆಯೋದು ನಮ್ಮ ವ್ಯಾಪಾರಿಗಳ ಅಭ್ಯಾಸ, ಒಳ್ಳೇ ಅಭ್ಯಾಸವೇ. ಆದರೆ ಫೈಬರ್ ಬಾಕ್ಸ್ ಅಂಗಡಿ ಮೀಟರ್ ಮೇಲಿದ್ರೆ ಇಡೀ ಬಿಲ್ಡಿಂಗಿನ ನೆಟ್ ಒಂಬತ್ತು ಗಂಟೆಗೆ ಮಲಗಿಬಿಡುತ್ತೆ. ಮೇಲೆ ವೈಫೈ ಹೆಸರು ಕಾಣುತ್ತೆ, ಕಡ್ಡಿ ಫುಲ್ ಇರುತ್ತೆ, ನೆಟ್ ಇರಲ್ಲ. ಜನ ಕಂಪನಿಗೆ ಬೈತಿರ್ತಾರೆ. ಬಾಕ್ಸಿನ ಕರೆಂಟ್ ಮನೆ ಮೀಟರ್‌ನಿಂದ ಬರೋ ಹಾಗೆ ಮಾಡಿಸಿ.

ಜೆಸ್ಕಾಂ ಕರೆಂಟ್ ಹೋದಾಗಲೂ ಇದೇ ಲೆಕ್ಕ. ಮನೆ ಇನ್ವರ್ಟರ್ ಮೇಲಿನ ರೂಟರ್‌ಗೆ ಮಾತ್ರ ಇದ್ದು ಕೆಳಗಿನ ಬಾಕ್ಸಿಗೆ ಇಲ್ಲದಿದ್ರೆ ಪ್ರಯೋಜನ ಸೊನ್ನೆ. ರೂಟರ್‌ಗೆ ಅಂತಲೇ ಸಣ್ಣ ಯುಪಿಎಸ್ ಸಿಗ್ತವೆ, ಎರಡೂ ಕಡೆ ಒಂದೊಂದು ಇಡಿ. ಕೊಳ್ಳೋ ಮುಂಚೆ ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯೋ 9 ವೋಲ್ಟ್ ಇದೆಯೋ, ಆ್ಯಂಪಿಯರ್ ಎಷ್ಟು ಅಂತ ಫೋಟೋ ತಗೊಂಡು ಹೋಗಿ. 9ರದ್ದಕ್ಕೆ 12 ಕೊಟ್ಟರೆ ರೂಟರ್ ಸುಟ್ಟುಹೋಗಬಹುದು.

ಸಾಮಾನ್ಯ ಮನೆ ರೂಟರ್‌ಗಳು ಕೆಲಸ ಮಾಡೋ ಉಷ್ಣಾಂಶ ಸೊನ್ನೆಯಿಂದ 40 ಡಿಗ್ರಿ ಅಂತ ಅದರ ಜೊತೆ ಬರೋ ಪುಸ್ತಕದಲ್ಲೇ ಇರುತ್ತೆ. ಏಪ್ರಿಲ್ ಮೇನಲ್ಲಿ ನಮ್ಮ ಜಿಲ್ಲೆಯಲ್ಲಿ ನೆರಳಲ್ಲೇ 40 ದಾಟುತ್ತೆ, ಮಾಳಿಗೆ ಮೇಲಿನ ಶೀಟ್ ರೂಮಿನ ಒಳಗೆ ಕೇಳೋದೇ ಬೇಡ. ಮಧ್ಯಾಹ್ನ ಆದ್ರೆ ನೆಟ್ ಕಟ್ಟಾಗುತ್ತೆ, ಸಂಜೆ ಸರಿ ಹೋಗುತ್ತೆ ಅಂದ್ರೆ ರೂಟರ್ ಕಾದಿದೆ ಅಂತ ಅನುಮಾನ ಪಡಿ. ಶೀಟಿನ ಕೆಳಗಿಂದ ತೆಗೆದು ಮೆಟ್ಟಿಲ ಹತ್ತಿರ ಗಾಳಿ ಆಡೋ ಕಡೆ ಇಡಿ, ಅದರ ಮೇಲೆ ಬಟ್ಟೆ, ಸೆಟ್‌ಟಾಪ್ ಬಾಕ್ಸ್ ಹೇರಬೇಡಿ. ರೈಸ್ ಮಿಲ್ ಹತ್ತಿರದ ಮನೆಯವರು ತಿಂಗಳಿಗೊಮ್ಮೆ ಅದರ ತೂತುಗಳ ಧೂಳು ಒರೆಸಿ.

ಮುಂಗಾರಿನ ಸಿಡಿಲಿಗೆ ಹೊರಗೋಡೆ ಮೇಲಿನ ತಾಮ್ರದ ಕೇಬಲ್ ಅಪಾಯ. ಫೈಬರ್ ಗಾಜಾದ್ದರಿಂದ ಕರೆಂಟ್ ಒಯ್ಯಲ್ಲ, ತಾಮ್ರ ಒಯ್ಯುತ್ತೆ. ಗುಡುಗು ಶುರುವಾದ್ರೆ ಎರಡೂ ತುದಿ ಕಿತ್ತಿಡಿ.

ಬಾಡಿಗೆದಾರರಿಗೆ ಪಾಸ್‌ವರ್ಡ್ ಕೊಡೋ ಮುಂಚೆ

ಮೇಲಿನ ಮನೆ ಬಾಡಿಗೆಯವರು "ಅಕ್ಕಾ, ನಿಮ್ಮ ವೈಫೈನೇ ಕೊಡ್ರಿ, ಅರ್ಧ ದುಡ್ಡು ಕೊಡ್ತೀವಿ" ಅಂತ ಕೇಳೋದು ಸಾಮಾನ್ಯ. ಕೊಡೋ ಮುಂಚೆ ಯೋಚನೆ ಮಾಡಿ. ಕನೆಕ್ಷನ್ ಯಾರ ಹೆಸರಲ್ಲಿದೆಯೋ ಪೊಲೀಸರು ಮೊದಲು ಬರೋದು ಅವರ ಬಾಗಿಲಿಗೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟದ ಹೊತ್ತಿಗೆ ಹೋದ ಇ-ಮೇಲ್‌ನ ಜಾಡು ಹಿಡಿದಾಗ ಅದು ನವಿ ಮುಂಬೈನ ಒಂದು ಫ್ಲ್ಯಾಟಿನ ವೈಫೈಗೆ ಹೋಗಿ ನಿಂತಿತ್ತು. ಅಲ್ಲಿದ್ದ ಅಮೆರಿಕದವರ ವೈಫೈಗೆ ಸರಿಯಾದ ರಕ್ಷಣೆ ಇರಲಿಲ್ಲ, ಬೇರೆಯವರು ಅದನ್ನ ಬಳಸಿದ್ದರು. ಅದರ ಬೆನ್ನಿಗೇ 2009ರಲ್ಲಿ ದೂರಸಂಪರ್ಕ ಇಲಾಖೆ ವೈಫೈ ಭದ್ರತೆ ಬಗ್ಗೆ ಕಂಪನಿಗಳಿಗೆ ಸೂಚನೆ ಹೊರಡಿಸಿತು.

ದುಡ್ಡು ತಗೊಂಡು ಹಂಚೋದಕ್ಕೆ ಮನೆ ಪ್ಲಾನಿನ ಷರತ್ತಿನಲ್ಲಿ ಸಾಮಾನ್ಯವಾಗಿ ಅವಕಾಶ ಇರಲ್ಲ. ಅಂಗಡಿಗೆ ಬರೋರಿಗೆ, ಬಸ್ ಸ್ಟ್ಯಾಂಡಿನ ಜನಕ್ಕೆ ವೈಫೈ ಮಾರಬೇಕು ಅಂದ್ರೆ ಪಿಎಂ-ವಾಣಿ ಯೋಜನೆ ಇದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು. ಕಿರಾಣಿ ಅಂಗಡಿ, ಚಹಾ ಅಂಗಡಿಯವರು ಲೈಸೆನ್ಸ್, ನೋಂದಣಿ ಶುಲ್ಕ ಇಲ್ಲದೆ ಅದರಲ್ಲಿ ಪಬ್ಲಿಕ್ ಡೇಟಾ ಆಫೀಸ್ ಆಗಬಹುದು, ಬಳಸೋರ ಗುರುತಿನ ಲೆಕ್ಕ ಆ ವ್ಯವಸ್ಥೆಯೇ ಇಟ್ಟುಕೊಳ್ಳುತ್ತೆ.

ಮನೆಗೆ ಬಂದ ನೆಂಟರಿಗೆ, ಗಿರಾಕಿಗಳಿಗೆ ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಮಾಡಿಡಿ. ಅದಕ್ಕೆ ಸೇರಿದವರಿಗೆ ನಿಮ್ಮ ಬಿಲ್ಲಿಂಗ್ ಕಂಪ್ಯೂಟರ್, ಕ್ಯಾಮೆರಾ ಕಾಣಬಾರದು. ಹಳೇ ರೂಟರ್ ಆ್ಯಕ್ಸೆಸ್ ಪಾಯಿಂಟ್ ಆಗಿರೋ ಕಡೆ ಈ ಗೆಸ್ಟ್ ಬೇಲಿ ಕೆಲವು ಸಲ ಕೆಲಸ ಮಾಡಲ್ಲ. ಒಂದು ಮೊಬೈಲ್ ಸೇರಿಸಿ, ಕ್ಯಾಮೆರಾದ ವಿಳಾಸ ಹೊಡೆದು ನೋಡಿ, ತೆರೆದುಕೊಂಡರೆ ಗೆಸ್ಟನ್ನ ಕೆಳಗಿನ ಬಾಕ್ಸಿನಲ್ಲಿ ಮಾತ್ರ ಇಡಿ. ವೈಫೈ ಪಾಸ್‌ವರ್ಡ್ ಮೊಬೈಲ್ ನಂಬರ್ ಆಗಿರೋದು ಬೇಡ, ಅದು ಅಂಗಡಿ ಬೋರ್ಡಿನ ಮೇಲೇ ಇದೆ.

ವೈಫೈ ರಿಪೀಟರ್ ಹಾಕೋಕೆ ಯಾರ ಅನುಮತಿಯೂ ಬೇಡ. ಆದರೆ ಮೊಬೈಲ್ ಟವರ್ ಸಿಗ್ನಲ್ ಹೆಚ್ಚಿಸೋ ಬೂಸ್ಟರ್ ಬೇರೆ ವಸ್ತು, ಅದನ್ನ ಅನುಮತಿ ಇಲ್ಲದೆ ಹಾಕೋದು ಕಾನೂನಿಗೆ ವಿರುದ್ಧ, ಊರಿನ ಬೇರೆಯವರ ಸಿಗ್ನಲ್ಲೂ ಕೆಡುತ್ತೆ. ಒಳಗಿನ ರೂಮಿಗೆ ಟವರ್ ಸಿಗದೆ ಫೋನ್ ಕಾಲ್ ಕಟ್ಟಾಗುತ್ತೆ ಅನ್ನೋರು ಮೇಲೆ ಹೇಳಿದಂಗೆ ವೈಫೈ ಸರಿ ಮಾಡಿಕೊಂಡು, ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ ನೋಡಿ. ಫೋನು, ಸಿಮ್ ಎರಡಕ್ಕೂ ಆ ಸೌಲಭ್ಯ ಇದ್ದರೆ ಕಾಲ್ ವೈಫೈ ಮೇಲೆ ಹೋಗುತ್ತೆ, ಬೇರೆ ಆ್ಯಪ್ ಏನೂ ಬೇಡ. ಕರೆಂಟ್ ಹೋದಾಗ ಆ ಕಾಲೂ ನಿಲ್ಲುತ್ತೆ, ಅದಕ್ಕೇ ಯುಪಿಎಸ್ ಮಾತು ಹೇಳಿದ್ದು.